ಬೂಷ್ಟು ಹಿಡಿದ ದ್ರಾಕ್ಷಿಯ ಊರು

ಅಕ್ಟೋಬರ್ ತಿಂಗಳ ಮುಂಜಾನೆ ಟೊಕಾಯ್ ಸೇತುವೆಯ ಮೇಲೆ ನಿಂತರೆ ಎಷ್ಟೋ ದಿನ ಕೆಳಗಿನ ನೀರೇ ಕಾಣುವುದಿಲ್ಲ. ಬೊಡ್ರೊಗ್ ನದಿ ಟಿಸಾವನ್ನು ಕೂಡುವ ಜಾಗದಿಂದ ಏಳುವ ಮಂಜು ಹೆಂಚಿನ ಮನೆಗಳನ್ನೂ ಊರ ಬೆನ್ನಿಗಿರುವ ಗುಡ್ಡವನ್ನೂ ಮುಚ್ಚಿಬಿಡುತ್ತದೆ. ಹೊತ್ತೇರಿದಂತೆ ಬಿಸಿಲು ಬಿದ್ದು ಇಳಿಜಾರಿನ ದ್ರಾಕ್ಷಿತೋಟಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತವೆ. ಹಂಗೆರಿಯ ಈಶಾನ್ಯದಲ್ಲಿರುವ, ಸುಮಾರು ನಾಲ್ಕು ಸಾವಿರ ಜನರ ಈ ಪುಟ್ಟ ಊರಿನ ಹೆಸರು ಜಗತ್ತಿಗೆ ಗೊತ್ತಾಗಿದ್ದು ಈ ಮಂಜು ಮತ್ತು ಬಿಸಿಲಿನಿಂದಲೇ.

ಮಂಜಿನ ತೇವಕ್ಕೆ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ಮೇಲೆ ಕೂರುತ್ತದೆ. ಅದು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಕೊರೆಯುತ್ತದೆ; ಬಿಸಿಲು, ಗಾಳಿಗೆ ಒಳಗಿನ ನೀರು ಆರಿ ಸಕ್ಕರೆಯೂ ಹುಳಿಯೂ ಗಟ್ಟಿಯಾಗುತ್ತವೆ. ಬಿಸಿಲು ಬರದೆ ಮಳೆ ಹಿಡಿದುಕೊಂಡರೆ ಮಾತ್ರ ಅದೇ ಬೂಷ್ಟು ಗೊಂಚಲನ್ನೇ ಕೊಳೆಸುತ್ತದೆ. ಬೆಳೆಗಾರ ಪ್ರತಿ ವರ್ಷ ಈ ಅಪಾಯಕ್ಕೆ ಎದೆಯೊಡ್ಡಿ ಕಾಯುತ್ತಾನೆ.

ತೋಟದಲ್ಲಿ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ಫುರ್ಮಿಂಟ್ ತಳಿಯ ಕೆಲವು ಹಣ್ಣು ಇನ್ನೂ ಬಂಗಾರದ ಬಣ್ಣದಲ್ಲಿ ಬಿಗಿಯಾಗಿರುತ್ತವೆ. ಪಕ್ಕದವು ಕಂದುನೇರಳೆಗೆ ತಿರುಗಿರುತ್ತವೆ. ಇನ್ನು ಕೆಲವು ಬೂದು ಧೂಳು ಮೆತ್ತಿಕೊಂಡು ಒಣದ್ರಾಕ್ಷಿಯಂತೆ ಸುಕ್ಕಾಗಿರುತ್ತವೆ. ಕೊಯ್ಯುವವರಿಗೆ ಬೇಕಾದದ್ದು ಈ ಸುಕ್ಕಿನವೇ. ಒಂದೊಂದೇ ಹಣ್ಣು ಬಿಡಿಸಿಕೊಂಡು ಉಳಿದದ್ದನ್ನು ಬಳ್ಳಿಯಲ್ಲೇ ಬಿಟ್ಟು ಹೋಗುತ್ತಾರೆ; ಕೆಲವು ದಿನ ಕಳೆದು ಮತ್ತೆ ಅದೇ ಬಳ್ಳಿಗೆ ಬರುತ್ತಾರೆ. ಇಷ್ಟು ತಾಳ್ಮೆಯ ಕೊಯ್ಲನ್ನು ಕಂಡವರಿಗೆ ಇಲ್ಲಿಯ ವೈನ್ ಸೀಸೆಯ ಬೆಲೆ ದುಬಾರಿ ಎನಿಸುವುದಿಲ್ಲ.

ಹೀಗೆ ಸುಕ್ಕಾದ ಹಣ್ಣಿಗೆ 'ಆಸೂ' ಎನ್ನುತ್ತಾರೆ. ಇದನ್ನು ದ್ರಾಕ್ಷಿರಸದಲ್ಲೋ ವೈನ್‌ನಲ್ಲೋ ನೆನೆಹಾಕಿ, ಹಿಂಡಿ, ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಹಿಂದೆ 136 ಲೀಟರಿನ ಪೀಪಾಯಿಗೆ ಸುಮಾರು 25 ಕಿಲೋದ ಬುಟ್ಟಿ ಎಷ್ಟು ಸುರಿದರು ಎನ್ನುವುದೇ ಸಿಹಿಯ ಅಳತೆಯಾಗಿತ್ತು. ಈಗ ಆಸೂ ವೈನ್ ಎನಿಸಿಕೊಳ್ಳಲು ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು. ರಾಶಿ ಹಾಕಿದ ಹಣ್ಣು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕಿಸುವ ರಸದಿಂದ ಆಗುವ 'ಎಸೆನ್ಸಿಯಾ' ಇನ್ನೂ ಅಪರೂಪ. ಅದು ಜೇನಿನಷ್ಟು ಮಂದ; ಚಮಚದಲ್ಲಿ ಕೊಡುತ್ತಾರೆ.

ರುಚಿ ನೋಡುವಾಗ ಸಿಹಿಯಿಲ್ಲದ ಫುರ್ಮಿಂಟ್ ವೈನ್‌ನಿಂದ ಶುರುಮಾಡಿ. ಅದರ ಚುರುಕಾದ ಹುಳಿ ನಾಲಿಗೆಗೆ ಪರಿಚಯವಾದರೆ ಆಸೂವಿನ ಗುಟ್ಟು ಗೊತ್ತಾಗುತ್ತದೆ. ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ, ಜೇನು ಎಲ್ಲ ಬಂದು ಹೋದ ಮೇಲೂ ಬಾಯಿ ಜಿಗುಟಾಗುವುದಿಲ್ಲ. ಆ ಹುಳಿಯೇ ಸಿಹಿಯನ್ನು ಹಿಡಿತದಲ್ಲಿ ಇಟ್ಟಿರುತ್ತದೆ.

ವೈನ್ ಮಾಗಿಸುವ ನೆಲಮಾಳಿಗೆಗಳಲ್ಲಿ ರಾಕೋತ್ಸಿ ಮಾಳಿಗೆ ಪ್ರಸಿದ್ಧ. ಬೇಸಿಗೆಯಲ್ಲೂ ಬೆಚ್ಚನೆಯ ಅಂಗಿ ಬೇಕಾಗುವಷ್ಟು ತಂಪು. ಗೋಡೆ, ಚಾವಣಿಗಳ ಮೇಲೆ ಕಪ್ಪು ಬೂಷ್ಟಿನ ಮೆತ್ತನೆಯ ಹೊದಿಕೆ. ಪೀಪಾಯಿಗಳಿಂದ ಆವಿಯಾಗುವ ಮದ್ಯಸಾರವೇ ಅದಕ್ಕೆ ಆಹಾರ; ಯಾರೂ ಅದನ್ನು ಕೆರೆದು ತೆಗೆಯುವುದಿಲ್ಲ.

1737ರಲ್ಲೇ ರಾಜಾಜ್ಞೆಯ ಮೂಲಕ ಈ ವೈನ್ ಸೀಮೆಗೆ ಗಡಿ ಗುರುತಿಸಲಾಯಿತು. 1823ರಲ್ಲಿ ಕವಿ ಕೋಲ್ಚೆಯಿ ಬರೆದ, ಮುಂದೆ ಹಂಗೆರಿಯ ರಾಷ್ಟ್ರಗೀತೆಯಾದ ಕವಿತೆಯಲ್ಲಿ ಟೊಕಾಯ್ ಬಳ್ಳಿಯ ಮಾತು ಬರುತ್ತದೆ. 2002ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವನ್ನೆಲ್ಲ ಊರಿನವರೇ ಹೆಮ್ಮೆಯಿಂದ ಹೇಳುತ್ತಾರೆ. ಪ್ರವಾಸಿ ತಾನಾಗಿ ಹುಡುಕಿಕೊಂಡು ಹೋಗಬೇಕಾದದ್ದು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್. ಈ ವೈನನ್ನು ದೂರದೂರಿಗೆ ಮುಟ್ಟಿಸಿದವರಲ್ಲಿ ಯಹೂದಿ ವರ್ತಕರು ಮುಖ್ಯರು. 1944ರಲ್ಲಿ ಇಲ್ಲಿಯ ಯಹೂದಿಗಳನ್ನು ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಟೊಕಾಯ್‌ನ ಸಿನಗಾಗ್ ಈಗ ದುರಸ್ತಿಯಾಗಿ ಸಾಂಸ್ಕೃತಿಕ ಭವನವಾಗಿದೆ. ಹತ್ತಿರದ ಮಾಡ್ ಹಳ್ಳಿಯಲ್ಲಿ ಹದಿನೆಂಟನೇ ಶತಮಾನದ ಇನ್ನೊಂದು ಸಿನಗಾಗ್ ಇದೆ. ಲೋಟ ಹಿಡಿಯುವ ಮುನ್ನ ಅಲ್ಲಿ ಸ್ವಲ್ಪ ಹೊತ್ತು ಇದ್ದು ಬನ್ನಿ. ಆ ಜನರನ್ನು ಬಿಟ್ಟು ಈ ವೈನಿನ ಕತೆ ಹೇಳಲಾಗದು.

ಬುಡಾಪೆಸ್ಟ್‌ನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಬೆಳಗ್ಗೆ ಹೋಗಿ ಸಂಜೆ ಮರಳುವವರೇ ಹೆಚ್ಚು; ನೀವು ರಾತ್ರಿ ಉಳಿದುಕೊಳ್ಳಿ. ಮಾಡ್‌ಗೂ ಹೋಗಿ, ಸಣ್ಣ ಬೆಳೆಗಾರರ ಮಾಳಿಗೆಗಳಿಗೆ ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಳ್ಳಿ. ಆಸೂ ಸೀಸೆ ಸಾಮಾನ್ಯವಾಗಿ ಅರ್ಧ ಲೀಟರಿನದು. ಭಾರತಕ್ಕೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದಾದ್ದರಿಂದ ನಾಲ್ಕು ಸೀಸೆಗೆ ಪೆಟ್ಟಿಗೆಯಲ್ಲಿ ಜಾಗ ಉಳಿಸಿಕೊಳ್ಳಿ.