ಅಪರೂಪ ಆಗಿರುವುದು ಹಕ್ಕಿ, ಅಂಚೆಚೀಟಿಯಲ್ಲ

ಸಲಗರ ಬುದ್ರುಕ ಇರಲಿ, ಅಕ್ಕಲಕೋಟೆ ಇರಲಿ, ಹಕ್ಕಿಚಿತ್ರದ ಅಂಚೆಚೀಟಿ ಕೂಡಿಸುವವರು ಎಂದು ಗೊತ್ತಾದರೆ ಸಾಕು, ಒಂದೇ ಪ್ರಶ್ನೆ: “ಮಾಳಢೋಕದ ತಿಕೀಟು ಐತೇನ್ರಿ? ಲಕ್ಷಕ್ಕ ಹೋಗ್ತದಂತಲ್ರಿ?” ಹಕ್ಕಿ ಅಳಿಯುತ್ತಿದೆ, ಆದ್ದರಿಂದ ಅದರ ಚೀಟಿಗೂ ಬೆಲೆ ಏರಿದೆ ಎಂಬ ಲೆಕ್ಕ. ಈ ಲೆಕ್ಕ ಬುಡದಿಂದಲೇ ತಪ್ಪು.

ನಮ್ಮ ಎರೆಭೂತದ, ಅಂದರೆ ಮಾಳಢೋಕದ, 2 ರೂಪಾಯಿ 30 ಪೈಸೆಯ ಚೀಟಿ ಬಂದದ್ದು 1980ರಲ್ಲಿ, ಜೈಪುರದಲ್ಲಿ ಈ ಜಾತಿಯ ಹಕ್ಕಿಗಳ ಬಗ್ಗೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆದಾಗ. ಅದರ ಹಿಂದಿನ ವರ್ಷವಷ್ಟೇ ಸೋಲಾಪುರದ ನಾನ್ನಜದ ಕಡೆ ಈ ಹಕ್ಕಿಗಾಗಿಯೇ ಅಭಯಾರಣ್ಯ ಘೋಷಣೆಯಾಗಿತ್ತು. ಇಂಥ ಸ್ಮಾರಕ ಚೀಟಿಗಳು ಲಕ್ಷಗಟ್ಟಲೆ ಅಚ್ಚಾಗುತ್ತವೆ. ಸಂಗ್ರಾಹಕರು ಅಂದೇ ಕೊಂಡು ಜೋಪಾನ ಮಾಡಿಟ್ಟಿದ್ದಾರೆ. ಲಕ್ಷದ ಮಾತು ಬಿಡಿ, ಸಾವಿರ ಕೊಡುವವರೂ ಸಿಗುವುದಿಲ್ಲ. ಚೀಟಿಯ ಬೆಲೆ ನಿಲ್ಲುವುದು ಉಳಿದಿರುವ ಪ್ರತಿ ಎಷ್ಟು, ಬೇಡಿಕೆ ಎಷ್ಟು, ಅಂಚಿನ ಹಲ್ಲು ಮುರಿದಿಲ್ಲವೇ, ಹಿಂಬದಿಯ ಅಂಟು ಹಾಗೇ ಇದೆಯೇ ಎಂಬುದರ ಮೇಲೆ. ಒಂದು ಹಲ್ಲು ಹರಿದರೂ ಬೆಲೆ ಬಿತ್ತು.

ನಿಜವಾಗಿ ಅಪರೂಪದ್ದು ಬೇಕೇ? 1994ರ ಜಲಪಕ್ಷಿಗಳ ಸೆಟ್ ನೋಡಿ. ಅದರ ಬಣ್ಣ ನೀರಿಗೆ ಬಿಡುತ್ತಿತ್ತು, ಬಂದ ಕೆಲವೇ ದಿನಗಳಲ್ಲಿ ಇಲಾಖೆ ಹಿಂತೆಗೆದುಕೊಂಡಿತು. ಹೊರಗೆ ಹೋದದ್ದು ಸ್ವಲ್ಪವೇ, ಆದ್ದರಿಂದ ಬೆಲೆ. ಎಲ್ಲ ಚೀಟಿಯನ್ನೂ ನೀರಲ್ಲಿ ನೆನೆಸಿ ಬಿಡಿಸಬಹುದು ಎಂಬ ನಂಬಿಕೆಗೂ ಇದೇ ಉತ್ತರ. ಇನ್ನು, ಸಹಿ ಬಿದ್ದ ರೆವಿನ್ಯೂ ಚೀಟಿ ಸಂಗ್ರಹಕ್ಕೆ ಬಾರದು ಎಂಬುದೂ ಸುಳ್ಳು. ಪೆನ್ನಿನ ಗೀಟಿರುವ ಹಳೆಯ ರೆವಿನ್ಯೂ ಚೀಟಿಗಳನ್ನು ಹುಡುಕಿ ಕೂಡಿಸುವವರಿದ್ದಾರೆ.

ಇಷ್ಟು ಹೇಳಿದರೂ ಮೊಬೈಲಿಗೆ ಬಂದ ಸಂದೇಶವನ್ನೇ ಜನ ನಂಬುತ್ತಾರೆ. “ನಿಮ್ಮ ಚೀಟಿಗೆ ಐದು ಲಕ್ಷ, ಮೊದಲು ನೋಂದಣಿ ಶುಲ್ಕ ಕಳಿಸಿ” ಎಂದರೆ ಕಳಿಸಿಬಿಡುತ್ತಾರೆ! ಕೊಳ್ಳುವವನು ಮಾರುವವನಿಂದ ದುಡ್ಡು ಕೇಳುವುದೆಂಥ ವ್ಯಾಪಾರ? ಹಳೆ ನೋಟು, ನಾಣ್ಯದ ಹೆಸರಲ್ಲಿ ಇದೇ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಓದಿದವರೂ ಇದಕ್ಕೆ ಬೀಳುವುದು ನೋಡಿದರೆ ಸಿಟ್ಟು ಬರುತ್ತದೆ. ಕೇಳಿದ್ದನ್ನು ಪರೀಕ್ಷಿಸುವ ರೂಢಿಯೇ ನಮ್ಮಲ್ಲಿ ಹೋಗುತ್ತಿದೆ.

ಈ ಗದ್ದಲದಲ್ಲಿ ಹಕ್ಕಿಯ ಸುದ್ದಿಯೇ ಇಲ್ಲ. ಇಡೀ ಜಗತ್ತಿನಲ್ಲಿ ಉಳಿದಿರುವ ಎರೆಭೂತ ನೂರೈವತ್ತರ ಆಸುಪಾಸು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ವಾಸಕ್ಕೆ ಬೇಕಾದ ಹುಲ್ಲುಗಾವಲು ಹೋಯಿತು, ಹಾರಿದರೆ ವಿದ್ಯುತ್ ತಂತಿ. ಚೀಟಿಗೆ ಕೊಡುವ ಕಾಳಜಿಯಲ್ಲಿ ಅರ್ಧವನ್ನಾದರೂ ನಮ್ಮ ಸೀಮೆಯ ಹುಲ್ಲುಗಾವಲಿಗೆ ಕೊಡಿ. ಚೀಟಿ ಬೇಕಾದರೆ ಸರಕಾರ ಇನ್ನೊಮ್ಮೆ ಅಚ್ಚು ಹಾಕೀತು, ಹಕ್ಕಿಯನ್ನಲ್ಲ.