ಬಗ್ಸ್ ಬನ್ನಿ ಓಗೊಟ್ಟಾಗ

ಕ್ಯಾರೆಟ್ ಕಡಿಯುತ್ತ ಬೇಟೆಗಾರನನ್ನೇ ಗೇಲಿ ಮಾಡುವ ಮೊಲ ಬಗ್ಸ್ ಬನ್ನಿ, ತೊದಲುವ ಹಂದಿ ಪೋರ್ಕಿ, ಉಗುಳು ಹಾರಿಸುತ್ತ ಮಾತಾಡುವ ಬಾತುಕೋಳಿ ಡ್ಯಾಫಿ. ಈ ಮೂವರಿಗೂ ದನಿ ಕೊಟ್ಟವರು ಮೆಲ್ ಬ್ಲಾಂಕ್ ಒಬ್ಬರೇ ಎಂದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಚಿಕ್ಕಂದಿನಲ್ಲಿ ಕಾರ್ಟೂನಿನ ಹೆಸರುಪಟ್ಟಿ ಓದುವವರು ಯಾರು?

ಆ ಪಟ್ಟಿಯಲ್ಲಿ ಹೆಸರು ಬರುವುದೂ ಆಗ ಸುಲಭವಿರಲಿಲ್ಲ. ಬ್ಲಾಂಕ್ ಸಂಬಳ ಹೆಚ್ಚಿಸಿ ಎಂದು ಕೇಳಿದರೆ ನಿರ್ಮಾಪಕ ಲಿಯಾನ್ ಶ್ಲೆಸಿಂಗರ್ ಒಪ್ಪಲಿಲ್ಲವಂತೆ. ಬದಲಿಗೆ ತೆರೆಯ ಮೇಲೆ ಹೆಸರು ಹಾಕಿಸಿದರಂತೆ. ಜಿಪುಣತನದಿಂದಲೂ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ!

1961ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ರಸ್ತೆ ತಿರುವೊಂದರಲ್ಲಿ ಅವರ ಕಾರಿಗೆ ಎದುರಿನಿಂದ ಬಂದ ಕಾರು ಗುದ್ದಿತು. ಎರಡು ವಾರ ಕೋಮಾ. ಯಾರು ಕರೆದರೂ ಓಗೊಡಲಿಲ್ಲ. ಕೊನೆಗೆ ವೈದ್ಯರೊಬ್ಬರು, ಬಗ್ಸ್ ಬನ್ನಿ ಹೇಗಿದ್ದಾನೆ ಎಂದು ವಿಚಾರಿಸಿದರು. ಉತ್ತರ ಬಂತು, ಮೊಲದ ದನಿಯಲ್ಲೇ.

ಮನೆಗೆ ಬಂದ ಮೇಲೂ ಮೈತುಂಬ ಪ್ಲಾಸ್ಟರ್. ಆದರೂ ಹಾಸಿಗೆಯ ಮೇಲೆ ಮೈಕ್ ತೂಗುಹಾಕಿಸಿಕೊಂಡು, ಮಲಗಿದ್ದಲ್ಲೇ 'ಫ್ಲಿಂಟ್‌ಸ್ಟೋನ್ಸ್'ನ ಬಾರ್ನಿಗೆ ದನಿ ಕೊಟ್ಟರು. ಆ ಕಾಲದ ಕಂತುಗಳನ್ನು ಈಗ ಮಗಳ ಜೊತೆ ಕೂತು ನೋಡುತ್ತೇನೆ. ಅವಳು ಚಿತ್ರ ನೋಡಿ ನಗುತ್ತಾಳೆ. ನಾನು ಕಣ್ಣು ಮುಚ್ಚಿ ಬಾರ್ನಿಯ ನಗೆಯನ್ನಷ್ಟೇ ಕೇಳುತ್ತೇನೆ. ನೋವಿನ ಸುಳಿವೇ ಸಿಗುವುದಿಲ್ಲ.