ಬೂದು ಗಿಳಿ ನಮ್ಮ ಮನೆಗೆ ಸರಿಯೇ?

ಮೈಯೆಲ್ಲ ಬೂದು, ಬಾಲ ಮಾತ್ರ ಕೆಂಪು, ಕಣ್ಣಿನ ಸುತ್ತ ಬಿಳಿ. ಮನುಷ್ಯರ ದನಿಯಲ್ಲೇ ಮಾತಾಡುವ ಈ ಗಿಳಿಯ ವಿಡಿಯೊಗಳನ್ನು ನಮ್ಮಲ್ಲಿ ಬಹಳ ಜನ ಮೊಬೈಲಿನಲ್ಲಿ ನೋಡಿದ್ದೇವೆ. ಇದರ ಹೆಸರು ಆಫ್ರಿಕನ್ ಗ್ರೇ. ಬೆಂಗಳೂರಿನಲ್ಲಿ ಇದನ್ನು ಮಾರುವವರಿದ್ದಾರೆ. ದುಡ್ಡು ಕೊಟ್ಟರೆ ಸಿಗುತ್ತದೆ. ಆದರೆ ಸಿಗುವುದೆಲ್ಲ ಸಾಕಲು ತಕ್ಕದ್ದೇ ಎಂಬುದು ಬೇರೆ ಪ್ರಶ್ನೆ.

ಈ ಪ್ರಶ್ನೆ ನಮ್ಮ ಮನೆಗೇ ಬಂತು. ಸೌದಿಯಲ್ಲಿ ಕೆಲಸ ಮಾಡುವ ಚಾಚಾ ರಜೆಗೆ ಬಂದಾಗ, ದಾದಿಗೆ ಜೊತೆಯಾಗಲಿ ಎಂದು ಒಂದು ಆಫ್ರಿಕನ್ ಗ್ರೇ ಕೊಡಿಸುವ ಮಾತೆತ್ತಿದರು. ದಾದಿಗೆ 68 ವರ್ಷ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. "ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕಿ ಹೇಳು" ಎಂದು ಅಬ್ಬಾ ನನಗೆ ವಹಿಸಿದರು. ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕಾನೂನು ಏನು ಹೇಳುತ್ತದೆ?

ಊರಿನ ಹಸಿರು ಗಿಳಿ ಸಾಕಿದರೆ ತೊಂದರೆಯಿಲ್ಲ, ವಿದೇಶಿ ಗಿಳಿ ಸಾಕಿದರೆ ಮಾತ್ರ ಕೇಸು ಎಂದು ಬಹಳ ಜನ ತಿಳಿದಿದ್ದಾರೆ. ನಿಜ ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ನಾವು ಮನೆಯಲ್ಲಿ 'ಮಿಠ್ಠೂ' ಎಂದು ಕರೆಯುವ, ಕೊರಳಿಗೆ ಗುಲಾಬಿ ಪಟ್ಟಿ ಇರುವ ಗಿಳಿ, ಅದಕ್ಕಿಂತ ದೊಡ್ಡದಾದ 'ಪಹಾಡಿ ತೋತಾ', ಕೆನ್ನೀಲಿ ತಲೆಯ ಗಿಳಿ, ಇವೆಲ್ಲ ಭಾರತದ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು ಅಪರಾಧ. 'ಮರಿಯಿಂದ ನಾವೇ ಸಾಕಿದ್ದು' ಎಂಬ ಕಾರಣ ನಡೆಯುವುದಿಲ್ಲ.

ಆಫ್ರಿಕನ್ ಗ್ರೇ ಭಾರತದ ಹಕ್ಕಿಯಲ್ಲ. ಅದನ್ನು ಸಾಕಬಹುದು, ಆದರೆ ಕಾಗದಪತ್ರ ಸರಿಯಿರಬೇಕು. ಅಪಾಯದಲ್ಲಿರುವ ಪ್ರಾಣಿ ಮತ್ತು ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಎಂಬ ಒಪ್ಪಂದವಿದೆ. ಭಾರತ 1976ರಲ್ಲೇ ಅದಕ್ಕೆ ಸೇರಿತು. 2016ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ ಸಭೆ ಈ ಗಿಳಿಯನ್ನು ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಗೆ ಸೇರಿಸಿತು. 2017ರ ಜನವರಿಯಿಂದ ಅದು ಜಾರಿಗೆ ಬಂತು. ನಮ್ಮ ದೇಶದ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಸೈಟಿಸ್ ಪಟ್ಟಿಯ ಪ್ರಾಣಿಗಳೂ ಅದರೊಳಗೆ ಬಂದವು. 2024ರ ಫೆಬ್ರವರಿಯ ನಿಯಮದಂತೆ, ಇಂಥ ಹಕ್ಕಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನೋಂದಣಿ ಮಾಡಿಸಬೇಕು. ಮರಿಯಾದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ತಪ್ಪಿದರೆ ಜೈಲು, ದಂಡ ಎರಡೂ ಆಗಬಹುದು.

ಚಾಚಾ ಮಾತಾಡಿದ ಮಾರಾಟಗಾರರಿಗೆ ನಾನು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ. ಈ ಮರಿಯ ತಂದೆತಾಯಿ ಯಾರ ಹೆಸರಿನಲ್ಲಿ ನೋಂದಣಿಯಾಗಿವೆ? ಮಾರಿದ್ದಕ್ಕೆ ಬಿಲ್ ಕೊಡುತ್ತೀರಾ? "ಅದೆಲ್ಲ ಆಮೇಲೆ ಮಾಡಿಸ್ಕೊಳ್ಳಿ, ಎಲ್ರೂ ಹಾಗೇ ತಗೊಂಡು ಹೋಗ್ತಾರೆ" ಎಂಬ ಉತ್ತರ ಬಂತು. ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಎಂದು ಅಕೌಂಟೆನ್ಸಿಯ ಮೊದಲ ಪಾಠದಲ್ಲೇ ಕಲಿಯುತ್ತೇವೆ. ಇಲ್ಲಿ ಎಂಟ್ರಿ ಆಗುವುದು ಕೊಂಡವರ ಹೆಸರಿನಲ್ಲಿ.

ಕಾಡಿನಲ್ಲಿ ಏನಾಗಿದೆ?

ಈ ಗಿಳಿಯ ಊರು ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡು: ಕಾಂಗೊ, ಕ್ಯಾಮರೂನ್, ಗ್ಯಾಬೊನ್, ಘಾನಾ. ಕಳೆದ ಕೆಲವು ದಶಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಕಾಡಿನಿಂದ ಹಿಡಿದು ಹೊರದೇಶಗಳಿಗೆ ಕಳಿಸಲಾಗಿದೆ. ದಾರಿಯಲ್ಲಿ ಸತ್ತವು ಈ ಲೆಕ್ಕದಲ್ಲಿಲ್ಲ. ಘಾನಾ ದೇಶದಲ್ಲಿ 1992ರಿಂದ ಈಚೆಗೆ ಇವುಗಳ ಸಂಖ್ಯೆ ಶೇ. 90ರಿಂದ 99ರಷ್ಟು ಕುಸಿದಿದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಬೇಡಿಕೆ ಇದ್ದಲ್ಲಿ ಪೂರೈಕೆ ಬರುತ್ತದೆ ಎಂದು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಕಾರ್ಖಾನೆಯ ಮಾಲಾದರೆ ಇನ್ನಷ್ಟು ತಯಾರಿಸಬಹುದು. ಆದರೆ ಈ ಗಿಳಿ ಮೊಟ್ಟೆಯಿಡುವುದೇ ಹಲವು ವರ್ಷ ಬೆಳೆದ ಮೇಲೆ, ಅದೂ ಒಂದು ಸಲಕ್ಕೆ ಕೆಲವೇ ಮೊಟ್ಟೆ.

ಎಷ್ಟು ವರ್ಷದ ಹೊಣೆ?

ಚೆನ್ನಾಗಿ ನೋಡಿಕೊಂಡರೆ ಆಫ್ರಿಕನ್ ಗ್ರೇ 40ರಿಂದ 60 ವರ್ಷ ಬದುಕಬಲ್ಲದು. ನಮಗೆ ಹೇಳಿದ ಬೆಲೆ 60,000 ರೂ. ಹಣ್ಣು, ತರಕಾರಿ, ಕಾಳು, ಆಟಿಕೆ, ವೈದ್ಯರ ಖರ್ಚು ಎಲ್ಲ ಸೇರಿ ತಿಂಗಳಿಗೆ 2,000 ರೂ. ಎಂದು ಕಡಿಮೆಯೇ ಹಿಡಿದೆ. ವರ್ಷಕ್ಕೆ 24,000. ಇವತ್ತಿನ ಬೆಲೆಯಲ್ಲೇ 40 ವರ್ಷಕ್ಕೆ 9,60,000 ರೂ., ಅಂದರೆ ಕೊಂಡ ಬೆಲೆಯ 16 ಪಟ್ಟು. ಬ್ಯಾಲೆನ್ಸ್ ಶೀಟಿನಲ್ಲಿ ಇದನ್ನು ಆಸ್ತಿ ಎಂದು ಬರೆಯುವಾಗ ಎದುರು ಬದಿಯ ಹೊಣೆಯನ್ನೂ ಬರೆಯಬೇಕು.

ಹಣಕ್ಕಿಂತ ದೊಡ್ಡ ಪ್ರಶ್ನೆ, ನೋಡಿಕೊಳ್ಳುವವರು ಯಾರು ಎಂಬುದು. ನನಗೆ 17. ಪಿಯುಸಿ ಮುಗಿದರೆ ಬೆಂಗಳೂರಿಗೆ ಹೋಗಬೇಕೆಂದಿದೆ. ಆಪಾಗೆ ಮದುವೆ ಮಾತು ನಡೆದಿದೆ. ದಾದಿಗೆ ಒಗ್ಗಿದ ಗಿಳಿ ದಾದಿಯ ನಂತರವೂ ಮೂವತ್ತು ವರ್ಷ ಇರಬಹುದು.

ಬುದ್ಧಿ ಹೆಚ್ಚು, ಬೇಸರವೂ ಹೆಚ್ಚು

ಅರ್ಥವಾಗದೆ ಬಾಯಿಪಾಠ ಮಾಡುವುದನ್ನು ನಾವು 'ಗಿಳಿಪಾಠ' ಎನ್ನುತ್ತೇವೆ. ಈ ಮಾತು ಬೂದು ಗಿಳಿಗೆ ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ವಿಜ್ಞಾನಿ ಐರಿನ್ ಪೆಪ್ಪರ್‌ಬರ್ಗ್ 1977ರಲ್ಲಿ ಶಿಕಾಗೊದ ಒಂದು ಅಂಗಡಿಯಿಂದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ತಂದು 30 ವರ್ಷ ಕಲಿಸಿದರು. ಅದಕ್ಕೆ ನೂರಕ್ಕೂ ಹೆಚ್ಚು ಪದಗಳು ಬರುತ್ತಿದ್ದವು. ಬಣ್ಣ, ಆಕಾರ, ಎಣಿಕೆ ಕೇಳಿದರೆ ವಸ್ತು ನೋಡಿ ಹೇಳುತ್ತಿತ್ತು. 2007ರಲ್ಲಿ ಅದು ಸತ್ತಿತು.

ಇಷ್ಟು ಬುದ್ಧಿಯ ಹಕ್ಕಿಯನ್ನು ಪಂಜರದಲ್ಲಿ ಒಂಟಿಯಾಗಿ ಬಿಟ್ಟರೆ ಅದು ಕಿರುಚುತ್ತದೆ, ಕಚ್ಚುತ್ತದೆ, ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಕಾಡಿನಲ್ಲಿ ಇವು ಗುಂಪಾಗಿ ಇರುವ, ಮೈಲಿಗಟ್ಟಲೆ ಹಾರುವ ಹಕ್ಕಿಗಳು. ಮನೆಯಲ್ಲಿ ದೊಡ್ಡ ಪಂಜರ ಬೇಕು, ದಿನಕ್ಕೆ ಕೆಲವು ಗಂಟೆ ಹೊರಗೆ ಬಿಟ್ಟು ಜೊತೆಯಲ್ಲಿ ಕೂರಬೇಕು.

ಹೊರಗೆ ಬಿಟ್ಟಾಗ ಹಾರಿಹೋಗುವ ಭಯವೂ ಇದೆ. ಮಾಗಡಿಯ ಆಚೆಗಿರುವ ತುಮಕೂರಿನಲ್ಲಿ 2022ರ ಜುಲೈನಲ್ಲಿ ಒಂದು ಮನೆಯ ಆಫ್ರಿಕನ್ ಗ್ರೇ ಹಾರಿಹೋಯಿತು. ಮನೆಯವರು ಊರಲ್ಲೆಲ್ಲ ಪೋಸ್ಟರ್ ಅಂಟಿಸಿ 50,000 ರೂ. ಬಹುಮಾನ ಎಂದರು. ಸಿಕ್ಕಿದ ಮೇಲೆ 85,000 ರೂ. ಕೊಟ್ಟರು ಎಂದು ಪತ್ರಿಕೆಗಳಲ್ಲಿ ಬಂತು. ಆ ಹಕ್ಕಿಗೆ ಅಷ್ಟು ಪ್ರೀತಿಯ ಮನೆ ಸಿಕ್ಕಿತ್ತು. ಹಾಗಿದ್ದೂ ರೆಕ್ಕೆಯ ಸ್ವಭಾವ ಹಾರುವುದೇ.

ನಮ್ಮ ಮನೆಯ ಗಾಳಿ

ಯಾವ ಪುಸ್ತಕವೂ ರಾಮನಗರಕ್ಕೆಂದು ಬರೆಯದ ಒಂದು ವಿಷಯವಿದೆ. ನಮ್ಮ ಮನೆಯ ಹಿಂದೆಯೇ ಅಬ್ಬಾನ ರೀಲಿಂಗ್ ಘಟಕ. ಬೆಳಿಗ್ಗೆಯಿಂದ ಸೌದೆ ಒಲೆಯ ಹೊಗೆ, ಗೂಡು ಬೇಯುವ ಹಬೆ. ಹಕ್ಕಿಗಳ ಉಸಿರಾಟ ನಮ್ಮದರಂತಲ್ಲ. ಗಾಳಿಯಿಂದ ಆಮ್ಲಜನಕವನ್ನು ನಮಗಿಂತ ಚೆನ್ನಾಗಿ ಹೀರುತ್ತವೆ, ವಿಷವನ್ನೂ ಹಾಗೆಯೇ. ಹಿಂದೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಕೆನರಿ ಹಕ್ಕಿ ಒಯ್ಯುತ್ತಿದ್ದುದು ಇದಕ್ಕೇ. ವಿಷಾನಿಲ ಇದ್ದರೆ ಮನುಷ್ಯರಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಯೂ ಗಿಳಿಗಳನ್ನು ಕೊಲ್ಲಬಲ್ಲದು. ಮನೆಯಲ್ಲಿ ಗುರುವಾರ ಲೋಬಾನ ಹಾಕುವ ರೂಢಿಯೂ ಇದೆ.

ತೊಂದರೆ ಹಕ್ಕಿಗೆ ಮಾತ್ರವಲ್ಲ. ಆಫ್ರಿಕನ್ ಗ್ರೇಯ ಗರಿಗಳಿಂದ ಬಿಳಿ ಪುಡಿ ಸದಾ ಉದುರುತ್ತದೆ. ದಾದಿಗೆ ದಮ್ಮು ಇದೆ. ಗಿಳಿಗಳಿಂದ ಮನುಷ್ಯರ ಶ್ವಾಸಕೋಶಕ್ಕೆ ಹರಡುವ ಸಿಟಾಕೋಸಿಸ್ ಎಂಬ ಕಾಯಿಲೆಯೂ ಉಂಟು. ವಯಸ್ಸಾದವರಿಗೆ ಅದು ಜೋರಾಗಬಹುದು. ಹಕ್ಕಿಗೇ ಕಾಯಿಲೆಯಾದರೆ, ಗಿಳಿಗಳ ಬಗ್ಗೆ ತಿಳಿದ ವೈದ್ಯರಿಗಾಗಿ ನಾವು ಸುಮಾರು 50 ಕಿ.ಮೀ. ದೂರದ ಬೆಂಗಳೂರಿಗೇ ಹೋಗಬೇಕು.

ನಮ್ಮ ತೀರ್ಮಾನ

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿದೆ. ಹಕ್ಕಿ ಸಾಕಿದ್ದ ಪುಟ್ಟ ಹುಡುಗನನ್ನು ಪ್ರವಾದಿಯವರು (ಸ) ಪ್ರೀತಿಯಿಂದ ಮಾತಾಡಿಸಿದ ಹದೀಸ್ ಇದೆಯಲ್ಲ ಎಂದರು ಚಾಚಾ. ಬೆಕ್ಕನ್ನು ಕೂಡಿಹಾಕಿ ಅನ್ನ ನೀರು ಕೊಡದೆ ಸಾಯಿಸಿದವಳ ಹದೀಸೂ ಇದೆ ಎಂದರು ದಾದಿ. ಎರಡನ್ನೂ ಕೂಡಿಸಿದರೆ ನನಗೆ ಅರ್ಥವಾದದ್ದು ಇಷ್ಟು: ಸಾಕಬಹುದು, ಹೊಣೆಯನ್ನು ಪೂರ್ತಿ ಹೊರಬಲ್ಲೆವಾದರೆ. ನಾವು ಹೊರಲಾರೆವು. ಆದ್ದರಿಂದ ಬೇಡವೆಂದು ಒಪ್ಪಿದೆವು. ದಾದಿಗೆ ಬೇಕಿದ್ದದ್ದು ಮಾತು. ಈಗ ಇಶಾ ನಮಾಜಿನ ನಂತರ ಚಾಚಾ ದಿನವೂ ವಿಡಿಯೊ ಕಾಲ್ ಮಾಡುತ್ತಾರೆ.

ನೀವು ಯೋಚಿಸುತ್ತಿದ್ದರೆ

ಅಪರೂಪದ ಯಾವುದೇ ಗಿಳಿ ಕೊಳ್ಳುವ ಮೊದಲು ಇವನ್ನು ಕೇಳಿಕೊಳ್ಳಿ:

1. ಇದು ಭಾರತದ ಕಾಡುಗಿಳಿಯೇ? ಹೌದಾದರೆ ಅಲ್ಲಿಗೇ ನಿಲ್ಲಿಸಿ.
2. ವಿದೇಶಿ ಹಕ್ಕಿಯಾದರೆ, ಮಾರುವವರ ಬಳಿ ನೋಂದಣಿ ಪತ್ರ ಮತ್ತು ಬಿಲ್ ಇದೆಯೇ?
3. ಅದರ ಆಯಸ್ಸು ಎಷ್ಟು? ನಾನು ಊರು ಬಿಟ್ಟರೆ ನೋಡಿಕೊಳ್ಳುವವರು ಯಾರು?
4. ದಿನಕ್ಕೆ ಎಷ್ಟು ಗಂಟೆ ಅದರ ಜೊತೆ ಇರಬಲ್ಲೆ? ಪರೀಕ್ಷೆಯ ತಿಂಗಳಲ್ಲೂ?
5. ಮನೆಯಲ್ಲಿ ಹೊಗೆ ಇದೆಯೇ? ದಮ್ಮು ಇರುವವರು, ವಯಸ್ಸಾದವರು ಇದ್ದಾರೆಯೇ?
6. ಗಿಳಿ ನೋಡುವ ವೈದ್ಯರು ಎಷ್ಟು ದೂರ?

ಹಕ್ಕಿ ಸಾಕಲೇಬೇಕು ಎನ್ನುವವರಿಗೆ ಬಜ್ಜಿಗಾರ್, ಕಾಕಟೀಲ್ ಇವೆ. ಪಂಜರದಲ್ಲೇ ತಲೆಮಾರುಗಳಿಂದ ಮರಿಯಾಗುತ್ತಿರುವ ಇವು ಸೈಟಿಸ್ ಪಟ್ಟಿಯಲ್ಲಿಲ್ಲ, ಆಯಸ್ಸೂ ಕಡಿಮೆ. ಇವಕ್ಕೂ ಜೋಡಿ ಬೇಕು, ಜಾಗ ಬೇಕು. ಕನಕಪುರ, ಚನ್ನಪಟ್ಟಣದ ತೋಟಗಳಲ್ಲಿ ಮಾವಿನ ಕಾಲಕ್ಕೆ ಗಿಳಿಮರಿ ಬಿದ್ದು ಸಿಕ್ಕರೆ ಮನೆಗೆ ಒಯ್ಯಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.